ಮೂರನೇ ಗೆರೆಯ ಮಗು

ಹೊಲಿಗೆ ಯಂತ್ರದ ಮುಂದೆ ಕೂತರೆ ಪರದೆಯಕ್ಕನಿಗೆ ಬೇರೆ ಲೋಕವೇ ಬೇಡ. ಪರದೆಯ ಅಂಚಿನೊಳಗೆ ನಾಣ್ಯದಗಲದ ಕಬ್ಬಿಣದ ಬಿಲ್ಲೆಗಳನ್ನು ಕಾಣದಂತೆ ಇಟ್ಟು ಹೊಲಿಯುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಆ ಭಾರಕ್ಕೇ ಪರದೆ ಗಾಳಿಗೆ ಹಾರಾಡದೆ ನೆಟ್ಟಗೆ ಇಳಿಬೀಳುವುದು. ಹೆರಿಗೆಯಾದ ಮೇಲೆ ಅಂಗಡಿಯ ಯಜಮಾನಿ, "ಮಗೂನ ಎತ್ಕೊಂಡೇ ಬಾರೇ, ಬಟ್ಟೆ ಸುರುಳಿ ಪಕ್ಕ ಮಲಗಿಸ್ಕೋ" ಎಂದಿದ್ದಳು. ಹಾಗೆ ಮಗಳು ಗುಬ್ಬಿ ಯಂತ್ರದ ಸದ್ದಿಗೇ ನಿದ್ದೆಹೋಗಿ, ಹಸಿದಾಗ ಎದ್ದು ಹಾಲು ಕುಡಿದು, ಚಿಂದಿ ಬಟ್ಟೆ ಹಿಡಿದು ತನ್ನಷ್ಟಕ್ಕೆ ಆಡಿಕೊಂಡಿರುತ್ತಿತ್ತು. ಸಣ್ಣ ಮಗು, ಆದರೆ ಚೂಟಿ.

ಗಂಡ ಟ್ಯೂಷನ್ ಮೇಷ್ಟ್ರು. ಮನೆಯ ಮುಂದಿನ ಕೋಣೆಯೇ ತರಗತಿ. ಗೋಡೆಯ ತುಂಬ ಹೆಚ್ಚು ಅಂಕ ತೆಗೆದ ಮಕ್ಕಳ ಫೋಟೋ, ಕೆಳಗೆ ಅವರ ರ‍್ಯಾಂಕು. ಆಸ್ಪತ್ರೆಯಲ್ಲಿದ್ದ ಮಗಳ ಬೆಳವಣಿಗೆಯ ಚಾರ್ಟಿನ ಪ್ರತಿಯನ್ನೂ ಆ ಪುಣ್ಯಾತ್ಮ ಅದೇ ಗೋಡೆಗೆ ಅಂಟಿಸಿದ. ಚಾರ್ಟಿನಲ್ಲಿ ಬಾಗಿ ಮೇಲೇರುವ ಕೆಲವು ಗೆರೆಗಳು. ಗುಬ್ಬಿಯ ತೂಕದ ಚುಕ್ಕೆಗಳೆಲ್ಲ ತೀರಾ ಕೆಳಗಿನ, ಮೂರು ಎಂದು ಬರೆದ ಗೆರೆಯ ಮೇಲೆ.

"ಮೂರನೇ ಪರ್ಸೆಂಟೈಲ್ ಅಂದ್ರೆ ಏನು ಗೊತ್ತೇನೇ? ಇದೇ ವಯಸ್ಸಿನ ನೂರು ಮಕ್ಕಳನ್ನ ತೂಕದ ಪ್ರಕಾರ ಸಾಲಾಗಿ ನಿಲ್ಸಿದ್ರೆ ಕೆಳಗಿಂದ ಮೂರನೇದು ನಮ್ಮದು."

"ಆ ಜಾಗದಲ್ಲೂ ಯಾರಾದ್ರೂ ಇರ್ಲೇಬೇಕಲ್ಲ ರೀ?"

"ನಮ್ಮ ಮಗೂನೇ ಯಾಕಿರ್ಬೇಕು? ನಮ್ಮಕ್ಕನ ಮಗು ತೊಂಬತ್ತರಲ್ಲಿದೆ!"

ಲೆಕ್ಕವೇನೋ ಸರಿ. ಅರ್ಥ ಮಾಡಿಕೊಂಡದ್ದು ಮಾತ್ರ ಮಣ್ಣು. ಯಾವ ಗೆರೆ ಎಂಬುದು ಮುಖ್ಯವಲ್ಲ, ಮಗು ತನ್ನ ಗೆರೆ ಹಿಡಿದು ಏರುತ್ತಿದ್ದರೆ ಸಾಕು, ಗೆರೆಯಿಂದ ಜಾರಿದರೆ ಮಾತ್ರ ಚಿಂತೆ ಎಂದು ತೂಕ ನೋಡುವ ನರ್ಸ್ ಬಿಡಿಸಿ ಹೇಳಿದ್ದಳು. ಅದು ಅವನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಿತ್ತು. ಸ್ವತಃ ಬೋರ್ಡಿನ ಮೇಲ್ತುದಿಯಲ್ಲಿ ಬರೆಯಲು ಸ್ಟೂಲು ಹತ್ತುವ ಮನುಷ್ಯ, ಮಗಳು ಮಾತ್ರ ಗುಂಡುಗುಂಡಾಗಿರಬೇಕು! ಇದನ್ನು ಅವನ ಮುಖಕ್ಕೆ ಹೇಳುವವರು ಯಾರು?

"ಆ ಅಂಗಡಿ ಧೂಳಲ್ಲಿ ದಿನವಿಡೀ ಕೂತ್ರೆ ಹಾಲೆಲ್ಲಿಂದ ಬರ್ಬೇಕು? ಮುಂದಿನ ಸಲಾನೂ ಮೂರೇ ಬಂದ್ರೆ ಅಂಗಡಿ ಬಿಟ್ಟುಬಿಡು" ಎಂದ ಒಂದು ದಿನ. ಆ ಯಂತ್ರದ ಮುಂದೆ ಮಾತ್ರ ಅವಳನ್ನು ಯಾರೂ ಅಳೆಯುತ್ತಿರಲಿಲ್ಲ.

ಚಳಿಗಾಲ. ಆಸ್ಪತ್ರೆಯಲ್ಲಿ ಉದ್ದದ ಸಾಲು. ಮಕ್ಕಳಿಗೆ ಶೀತವಾದೀತೆಂದು ಬಟ್ಟೆ ಬಿಚ್ಚಿಸದೆ ತೂಗಿ, ಬಟ್ಟೆಯ ತೂಕ ಅಂದಾಜಿಗೆ ಕಳೆಯುತ್ತಿದ್ದರು. ಪರದೆಯಕ್ಕ ಗುಬ್ಬಿಗೆ ಹತ್ತಿ ತುಂಬಿದ ಜಾಕೆಟ್ಟು ಹೊಲಿದಳು. ಅದರ ಅಂಚಿನಲ್ಲಿ, ಹತ್ತಿಯ ನಡುವೆ, ಪರದೆಯ ಬಿಲ್ಲೆಗಳು.

ಚುಕ್ಕೆ ಒಂದು ಗೆರೆ ದಾಟಿ ಮೇಲೆ ಕೂತಿತು. ಮೇಷ್ಟ್ರು ಹಿರಿಹಿರಿ ಹಿಗ್ಗಿ ಅಕ್ಕನಿಗೆ ಫೋನು ಮಾಡಿದ. "ನೋಡ್ದ್ಯಾ, ಮನಸ್ಸು ಮಾಡಿದ್ರೆ ಆಗುತ್ತೆ. ಮುಂದಿನ ಸಲ ಐವತ್ತು ದಾಟಿಸ್ಬೇಕು!"

ಮುಂದಿನ ಸಲಕ್ಕೆ ಇನ್ನಷ್ಟು ಬಿಲ್ಲೆ. ಜಾಕೆಟ್ಟಿನ ಭಾರಕ್ಕೆ ಗುಬ್ಬಿ ತೋಳಲ್ಲಿ ಕೆಳಗೆ ಜಗ್ಗಿ ಕೊಸರಾಡಿತು. ಚುಕ್ಕೆ ಇನ್ನೂ ಮೇಲೇರಿತು, ಅವಳು ಮಾತ್ರ ಹಿಗ್ಗಲಿಲ್ಲ. ಇದೇ ಕೊನೆ, ಇನ್ನು ಸಾಕು ಎಂದುಕೊಂಡಳು. ಸಾಕು ಮಾಡುವುದು ಹೇಗೆಂದು ಮಾತ್ರ ಹೊಳೆಯಲಿಲ್ಲ.

ಮೂರನೆಯ ಸಲ ಕೋಣೆ ಬೆಚ್ಚಗಿತ್ತು, ನರ್ಸ್ ಹೊಸಬಳು. "ಬಟ್ಟೆ ಪೂರ್ತಿ ಬಿಚ್ಚಮ್ಮಾ" ಎಂದಳು. ಪಕ್ಕದಲ್ಲೇ ಮೇಷ್ಟ್ರು, ಪೆನ್ನು ಹಿಡಿದು ನಿಂತಿದ್ದ. ಪರದೆಯಕ್ಕ ಜಾಕೆಟ್ಟು ಬಿಚ್ಚಿ ಸೆರಗಿನಡಿ ಅವುಚಿಕೊಂಡಳು. ಬರಿಮೈಯ ಗುಬ್ಬಿ ತಕ್ಕಡಿಯ ಮೇಲೆ ಕಾಲು ಬಡಿಯಿತು. ನರ್ಸ್ ಇನ್ನೊಮ್ಮೆ ತೂಗಿ, ಚಾರ್ಟು ನೋಡಿ, ಡಾಕ್ಟರ ಕೋಣೆಗೆ ಓಡಿದಳು. ಒಂದೇ ತಿಂಗಳಲ್ಲಿ ಮಗು ಅಷ್ಟೆತ್ತರದಿಂದ ಬಿದ್ದಿತ್ತು!

"ಈಗ್ಲೇ ಅಡ್ಮಿಟ್ ಮಾಡಿ" ಎಂದರು ಡಾಕ್ಟರಮ್ಮ. "ಹೀಗೆ ಇಳಿದ್ರೆ ಒಳಗೇನೋ ದೊಡ್ಡ ತೊಂದ್ರೆ ಇರ್ಬಹುದು. ರಕ್ತ ತೆಗೀಬೇಕು, ಬೇರೆ ಪರೀಕ್ಷೆಗಳೂ ಆಗ್ಬೇಕು."

ಹೇಳಿಬಿಡಬೇಕಿತ್ತು ಆ ಕ್ಷಣವೇ. ಗಂಡನ ಮುಖ ನೋಡಿದಳು. ಗುಬ್ಬಿಯನ್ನು ಮಂಚಕ್ಕೆ ಒತ್ತಿಹಿಡಿದರು. ಆ ಪುಟ್ಟ ಕೈಯಲ್ಲಿ ನರ ಸಿಗಲಿಲ್ಲ. ಒಮ್ಮೆ ಚುಚ್ಚಿದರು, ಸೂಜಿ ಕಿತ್ತು ಇನ್ನೊಂದು ಕೈಗೆ ಚುಚ್ಚಿದರು. ಮಗು ಉಸಿರು ಕಟ್ಟಿ ಅತ್ತು ನೀಲಿಯಾಯಿತು. ನರ್ಸ್ ಕಾಲು ಹುಡುಕತೊಡಗಿದಾಗ ಪರದೆಯಕ್ಕ ಸೂಜಿಗೇ ಕೈ ಅಡ್ಡ ಹಿಡಿದಳು.

"ಬೇಡ! ನನ್ನ ಮಗು ಇಳಿದಿಲ್ಲ. ಜಾಕೆಟ್ಟಲ್ಲಿ ಕಬ್ಬಿಣ ಇಟ್ಟು ತೂಗಿಸಿದ್ದೆ ಡಾಕ್ಟ್ರೇ, ಆ ಎರಡು ಸಲಾನೂ. ನಾನೇ ಪಾಪಿ."

ಡಾಕ್ಟರಮ್ಮ ಬೈದರು, ಬೈಯಬೇಕಾದಷ್ಟು ಬೈದರು. ಆಮೇಲೆ ಆ ಎರಡು ಚುಕ್ಕೆಗಳನ್ನು ಹೊಡೆದುಹಾಕಿ ಉಳಿದವನ್ನು ಕೂಡಿಸಿದರು. ಮೂರನೇ ಗೆರೆಯ ಮೇಲೆ ಗೆರೆ ಎಳೆದಂತೆ ಕೂತಿತು.

"ಹುಟ್ಟಿದಾಗಿಂದ ಒಂದು ಚೂರೂ ಜಾರಿಲ್ಲ ನೋಡಿ. ತಾಯಿ ಹಾಲು ಚೆನ್ನಾಗೇ ಸಿಕ್ಕಿದೆ. ನೀವಿಬ್ರೂ ಸಣ್ಣ ಆಳು, ಇವಳೇನು ಆನೆಮರಿ ಆಗ್ತಾಳಾ? ಇದು ಪರೀಕ್ಷೆ ಅಲ್ಲ ಮೇಷ್ಟ್ರೇ, ಇಲ್ಲಿ ಯಾರೂ ಪಾಸು-ಫೇಲು ಇಲ್ಲ. ಮನೆಗೆ ಕರ್ಕೊಂಡು ಹೋಗಿ."

ಮೇಷ್ಟ್ರು ಮನೆಗೆ ಬಂದು, ಚಪ್ಪಲಿ ಬಿಟ್ಟು, ನಿದ್ದೆಹೋದ ಗುಬ್ಬಿಯನ್ನು ಅವಳ ತೋಳಿನಿಂದ ತಾನೇ ಎತ್ತಿಕೊಂಡ.

"ನಾಳೆಯಿಂದ ಅಂಗಡಿ ಬೇಡ."

"ಯಾಕ್ರೀ? ಹಾಲು ಚೆನ್ನಾಗೇ ಸಿಕ್ಕಿದೆ ಅಂದ್ರಲ್ಲ, ಮಗು ಚೆನ್ನಾಗಿದೆ ಅಂದ್ರಲ್ಲ!"

"ಮಗು ಚೆನ್ನಾಗೇ ಇದೆ. ಅದನ್ನ ನಿನ್ನೊಬ್ಬಳನ್ನೇ ನಂಬಿ ಹೇಗೆ ಕಳಿಸ್ಲಿ ಹೇಳು?"

ಜೀವಮಾನದಲ್ಲಿ ಮೊದಲ ಬಾರಿಗೆ ಆ ಮನುಷ್ಯ ಸರಿಯಾದ ಪ್ರಶ್ನೆ ಕೇಳಿದ್ದ.