ಫಸಲಿ ಲೆಕ್ಕದ ಹಸೀನಾಬೀ

ಸಿಂಧನೂರಿನ ಹಸೀನಾಬೀ ಟೀಚರ್ ಉರ್ದು ಶಾಲೆಯಿಂದ ನಿವೃತ್ತರಾಗಿ ಹನ್ನೆರಡು ವರ್ಷವಾಯಿತು. ಅವರ ಸಿಟ್ಟು ಮಾತ್ರ ಇನ್ನೂ ನೌಕರಿಯಲ್ಲಿದೆ. ಸುತ್ತಲಿನ ಊರುಗಳ ಜನ ನಿಜಾಮರ ಕಾಲದ ಉರ್ದು ಕಾಗದ ಓದಿಸಲು ಅವರ ಮನೆಗೆ ಹೋಗುತ್ತಾರೆ. ದುಡ್ಡು ಮುಟ್ಟುವುದಿಲ್ಲ. ಕಾಗದ ಮಡಿಚಿ ಹಾಳು ಮಾಡಿದವರಿಗೆ ಬೈಗುಳ ತಪ್ಪುವುದಿಲ್ಲ. ನನಗೂ ತಪ್ಪಲಿಲ್ಲ.

ಮಸ್ಕಿ ಕಡೆಯ ನಮ್ಮೂರಿನಲ್ಲಿ ನಮ್ಮದು ಜಂತಿಯ ಮನೆ, ಮೇಲೆ ಮಣ್ಣಿನ ಮಾಳಿಗೆ. ನೂರು ವರ್ಷ ದಾಟಿದ ಮನೆಯನ್ನು ಹಳೆಯ ರೀತಿಯಲ್ಲೇ ದುರಸ್ತಿ ಮಾಡಿದರೆ ಹತ್ತು ವರ್ಷ ಅರ್ಧ ತೆರಿಗೆ ಮಾಫಿ ಎಂದು ಗೊತ್ತಾಗಿ ಪಂಚಾಯಿತಿ ಕಚೇರಿಗೆ ಅರ್ಜಿ ಹಾಕಿದ್ದೆ. ಮಾಫಿ ಸಿಗದಿದ್ದರೆ ಮನೆ ಕೆಡವಿ ಅಂಗಡಿ ಸಾಲು ಕಟ್ಟುವುದೇ ಸೈ ಎಂದು ತಮ್ಮ ಬಸವಲಿಂಗ ಪಟ್ಟು ಹಿಡಿದಿದ್ದ. ಮನೆಯ ವಯಸ್ಸಿಗೆ ಸಾಕ್ಷಿ, ಮುತ್ತಜ್ಜ ಅದನ್ನು ಕೊಂಡಾಗಿನ ಉರ್ದು ಖರೀದಿ ಪತ್ರವೊಂದೇ. ಅದರ ಇಸವಿಯನ್ನು ಯಾರಿಂದಲೋ ಓದಿಸಿದ ಗುಮಾಸ್ತರು ಪತ್ರವನ್ನು ನನ್ನತ್ತ ಸರಿಸಿದರು.

"ಸಾವಿರದ ಮುನ್ನೂರಾ ಇಪ್ಪತ್ತೈದು ಅಂತೈತ್ರಿ. ನಿಮ್ಮ ಮನಿ ಏಳ್ನೂರು ವರ್ಷದ್ದೇನು? ಇದು ನಡ್ಯಂಗಿಲ್ರಿ."

ಖೋಟಾ ಪತ್ರ ತಂದವನಂತೆ ತಲೆ ತಗ್ಗಿಸಿ ಹೊರಬಂದು ಸಿಂಧನೂರಿನ ಬಸ್ಸು ಹತ್ತಿದೆ.

ಹಸೀನಾಬೀ ಕಾಗದ ಓದಿ ಮುಖ ಎತ್ತಿದರು. "ಸಿದ್ದಲಿಂಗೇಶ, ಇದು ಫಸಲಿ ಇಸವಿ. ನಿಜಾಮ್ ಸರ್ಕಾರದ ಲೆಕ್ಕ. ಐನೂರಾ ತೊಂಬತ್ತು ಕೂಡ್ಸು."

ಕೂಡಿಸಿದೆ. ಸಾವಿರದ ಒಂಬೈನೂರ ಹದಿನೈದು. ಮನೆಗೆ ನೂರು ತುಂಬಿ ಹತ್ತು ವರ್ಷವೇ ಕಳೆದಿತ್ತು.

"ನಾ ಹೇಳಿದ್ರ ಅವರು ನಂಬಂಗಿಲ್ರಿ ಟೀಚರ್."

"ನಿನ್ನ ಯಾರು ನಂಬ್ತಾರ? ನಡಿ, ನಾನೇ ಬರ್ತೀನಿ."

ಮೊಣಕಾಲು ನೋವಿದ್ದರೂ ಬಂದರು. ಕಚೇರಿಯಲ್ಲಿ ವಾದ ಮಾಡಲೇ ಇಲ್ಲ. ಅಲ್ಲಿದ್ದ ಮನೆ ರಿಜಿಸ್ಟರ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದನ್ನು ತರಿಸಿ ಮೊದಲ ಪುಟದ ಮೇಲೆ ಬೆರಳಿಟ್ಟರು. ಉರ್ದುವಿನಲ್ಲಿ ಫಸಲಿ 1350, ಪಕ್ಕದಲ್ಲೇ ಇಂಗ್ಲಿಷಿನಲ್ಲಿ 1940.

ಗುಮಾಸ್ತರು ಎರಡು ಸಲ ಕೂಡಿಸಿ ನೋಡಿ ನಕ್ಕುಬಿಟ್ಟರು. ಒಳ್ಳೆಯ ಮನುಷ್ಯ, ಸಂಜೆಯೊಳಗೆ ಮಂಜೂರಾತಿ ಕೈಗೆ ಬಂತು. ನನಗೆ ಹೋದ ಜೀವ ಬಂದಂತಾಯಿತು.

ಮನೆ ನೋಡಲು ಟೀಚರೂ ನನ್ನ ಜೊತೆ ಬಂದರು. ಕಟ್ಟೆಯ ಮೇಲಿದ್ದ ಬಸವಲಿಂಗ ಮಂಜೂರಾತಿ ಓದಿ ನನ್ನ ಕೈಗೆ ವಾಪಸ್ ಕೊಟ್ಟ.

"ನನಗೂ ಕೆಡವೂ ಮನಸ್ಸಿರಲಿಲ್ಲಣ್ಣ," ಎಂದ. "ನನ್ನ ಪಾಲಿನ ತೆರಿಗಿ ಕಟ್ಟಾಕ ಆಗವಲ್ದು ಅಂತ ಹೇಳಾಕ ನಾಚಿಕಿ ಬಂತು. ಅದಕ್ಕ ಕೆಡವೂನು ಅಂದೆ."

"ಒಂದ ಮನ್ಯಾಗಿದ್ದು ಇಷ್ಟು ಹೇಳ್ಕೊಳ್ಳಾಕ ಆಗಲಿಲ್ಲೇನು?" ಎಂದು ಹಸೀನಾಬೀ ಕೇಳಿದರು.

ನಾನು ಹೋಗಿ ತಮ್ಮನ ಪಕ್ಕ ಕೂತೆ.