ಡೇರೆಯ ಬಾಗಿಲಲ್ಲೇ ಕಣ್ಣು

ಭೂಕಂಪವಾದ ದೇಶಕ್ಕೆ ಹೊರಟ ವೈದ್ಯಕೀಯ ತಂಡದಲ್ಲಿ ನಾನೂ ಒಬ್ಬ ನರ್ಸ್. ಕೊಳ್ಳೇಗಾಲದ ವಾರ್ಡು ಬಿಟ್ಟರೆ ಬೇರೆ ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳಲ್ಲ. ಆ ದೇಶದಲ್ಲಿ ಒಂದು ಶಾಲೆಯ ಮೈದಾನದಲ್ಲಿ ಡೇರೆ ಹಾಕಿ ಆಸ್ಪತ್ರೆ ಮಾಡಿದ್ದೆವು. ಆ ಶಾಲೆಯ ಮೇಡಂ ಒಬ್ಬರು ರೋಗಿಗಳ ಮಾತನ್ನು ನಮಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು.

ಒಂದು ಬೆಳಿಗ್ಗೆ, ಗೋಡೆಯಡಿ ಸಿಕ್ಕಿಕೊಂಡಿದ್ದ ಹೆಂಗಸನ್ನು ಹೊತ್ತು ತಂದರು. ಹೆಚ್ಚುಕಡಿಮೆ ನನ್ನ ವಯಸ್ಸು. ಬಲಗಾಲು ಕಪ್ಪಿಟ್ಟಿತ್ತು. ತೆಗೆಯದಿದ್ದರೆ ಜೀವ ಉಳಿಯೋಲ್ಲ ಎಂದರು ಡಾಕ್ಟರು. ಅವಳು ಬೇಡವೇ ಬೇಡ ಎಂದಳು. ಗಂಡ ಇನ್ನೂ ಸಿಕ್ಕಿಲ್ಲವಂತೆ. "ಕಾಲಿಲ್ಲದೆ ಅವನನ್ನ ಹೆಂಗೆ ಹುಡುಕಲಿ ಅಂತಾಳೆ" ಎಂದು ಮೇಡಂ ಹೇಳಿದರು.

ಅವಳ ಕೈ ಹಿಡಿದುಕೊಂಡೆ. ಇಂಗ್ಲಿಷ್ ಬಾಯಿಗೇ ಬರಲಿಲ್ಲ. "ಎದರ್ಬ್ಯಾಡ ಕಣವ್ವ, ಮೊದ್ಲು ನೀನು ಬದುಕ್ಕೊ, ಆಮೇಲೆ ಉಡುಕೀಯಂತೆ" ಅಂದುಬಿಟ್ಟೆ. ನಮ್ಮೂರು ಬಂಡಳ್ಳಿಯ ಮಾತು ಅವಳಿಗೇನು ತಿಳಿದೀತು? ಆದರೂ ಬಿಗಿ ಹಿಡಿದಿದ್ದ ಬೆರಳು ಸಡಿಲವಾದವು. ಮೇಡಂ ಇನ್ನೊಮ್ಮೆ ಬಿಡಿಸಿ ಹೇಳಿದರು. ಒಪ್ಪಿದಳು.

ಕಾಲು ತೆಗೆದ ಮೇಲೆ ಜ್ವರ ಇಳಿಯಿತು, ಗಂಜಿ ಕುಡಿದಳು. ಕಣ್ಣು ಮಾತ್ರ ಡೇರೆಯ ಬಾಗಿಲಲ್ಲೇ. ಪರದೆ ಅಲುಗಿದರೆ ಸಾಕು, ಎದ್ದು ಕೂರುವಳು. ಅವಳ ಜೊತೆಗೆ ನಾನೂ ತಿರುಗಿ ನೋಡುವೆ. ಗಾಯಾಳುಗಳು ಬಂದರು, ಸ್ಟ್ರೆಚರುಗಳು ಬಂದವು. ಅವನು ಬರಲಿಲ್ಲ. ಅಷ್ಟರಲ್ಲಿ ನಮ್ಮ ತಂಡಕ್ಕೆ ವಾಪಸು ಬರಲು ಹೇಳಿದರು.

ಊರಿಗೆ ಬಂದೆ, ಡ್ಯೂಟಿಗೂ ಸೇರಿದೆ. ಕೂತಲ್ಲಿ ಕೂರಲಾಗದು. ವಾರ್ಡಿನ ಬಾಗಿಲು ಸದ್ದಾದರೆ ಇಂಜೆಕ್ಷನ್ ತುಂಬುತ್ತಿದ್ದವಳು ಕತ್ತೆತ್ತುತ್ತೇನೆ. ರಜೆಯಲ್ಲಿ ಬಂಡಳ್ಳಿಗೆ ಹೋದರೂ ಅದೇ ಕಥೆ. "ಬಂದಾಗಿಂದ ನೆಟ್ಗೆ ಒಂದು ತುತ್ತು ಉಂಡಿಲ್ವಲ್ಲವ್ವಾ, ಒಳಕ್ಕೂ ಒರಕ್ಕೂ ತಿರುಗ್ತಾನೇ ಇದ್ದೀಯಾ" ಎಂದು ಅವ್ವ ಗದರುತ್ತಾಳೆ.

ಮೊನ್ನೆ ಬಂಡಳ್ಳಿ ಬಸ್ಸಿನಲ್ಲಿದ್ದಾಗ ಮೇಡಂ ಸಂದೇಶ ಬಂತು. ಆ ಹೆಂಗಸಿನ ಗಂಡ ಇನ್ನೂ ಸಿಕ್ಕಿಲ್ಲ. ಆಕೆ ಕಂಕುಳಿಗೆ ಊರುಗೋಲು ಕೊಟ್ಟುಕೊಂಡು, ಅವನ ಫೋಟೊ ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗುತ್ತಿದ್ದಾಳೆ. ಓದಿದ ಮೇಲೆ ಸೀಟಿನಲ್ಲಿ ಕೂರಲಾಗಲಿಲ್ಲ. ಊರು ಬರುವ ಮೊದಲೇ ಇಳಿದು, ಜೋಳದ ಹೊಲದ ಪಕ್ಕ ಬಿರುಬಿರನೆ ನಡೆದೆ.

ಮನೆಗೆ ಬಂದವಳೇ ಅವ್ವನಿಗೆ ಎಲ್ಲ ಹೇಳಿದೆ.

"ಅಲ್ಗೆ ಇನ್ನೊಂದು ತಂಡ ಓಯ್ತದಂತೆ. ಕರುದ್ರೆ ಓಯ್ತೀನಿ ಕಣವ್ವ."

ಬೈಯುತ್ತಾಳೆ ಎಂದುಕೊಂಡಿದ್ದೆ. ಅವ್ವ ಮುದ್ದೆ ಕೋಲನ್ನು ಪಕ್ಕಕ್ಕಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಆ ಎಣ್ಣುಮಗಿಗೆ ಅವ್ವ ಗಿವ್ವ ಇದ್ದಾಳಾ?" ಎಂದು ಕೇಳಿದಳು.

ನಾನದನ್ನು ಕೇಳಿರಲೇ ಇಲ್ಲ. ಅಲ್ಲೇ ನಿಂತು ಫೋನ್ ತೆಗೆದು ಮೇಡಂಗೆ ಅದನ್ನೇ ಬರೆದು ಕೇಳಿದೆ.