ಎಡಗಣ್ಣು ತೆರೆಯದ ಗೆಕ್ಕೋ

ಎರಡು ಸಾವಿರದ ದಶಕದಲ್ಲಿ ನಾನು ಬಂಟ್ವಾಳದಿಂದ ದಿನಾ ಬಸ್ಸಿನಲ್ಲಿ ಮೂಡುಬಿದಿರೆಯ ಕಾಲೇಜಿಗೆ ಹೋಗಿಬರುತ್ತಿದ್ದೆ. ಅಲ್ಲಿಯ ಬಸ್‌ಸ್ಟ್ಯಾಂಡಿನ ಹತ್ತಿರ ಬಣ್ಣದ ಮೀನು, ಲವ್‌ಬರ್ಡ್ಸ್ ಮಾರುವ ಅಂಗಡಿಯೊಂದಿತ್ತು. ಒಂದು ಸಂಜೆ ಅದರ ಗಾಜಿನ ಪೆಟ್ಟಿಗೆಯಲ್ಲಿ ಹಳದಿ ಮೈಮೇಲೆ ಕಪ್ಪು ಚುಕ್ಕಿಗಳಿದ್ದ, ಗೇಣುದ್ದದ ಹಲ್ಲಿಯನ್ನು ಕಂಡೆ. ಮನೆಗೆ ಬಂದು ಊಟಕ್ಕೆ ಕೂತಾಗ ನಗುತ್ತಾ ಹೇಳಿದೆ: “ಉಮ್ಮ, ಮೂಡುಬಿದಿರೆಯಲ್ಲಿ ಹಲ್ಲಿಯನ್ನೂ ಮಾರ್ತಾರೆ.”

ಉಮ್ಮ ನಕ್ಕರು. ಬಾಪ ನಗಲಿಲ್ಲ. ತಟ್ಟೆಯಿಂದ ಕೈ ತೆಗೆದು ಕೇಳಿದರು: “ಬಾಲ ದಪ್ಪ ಉಂಟಾ?”

ಬಾಪ ಗಲ್ಫ್ ಬಿಟ್ಟು ಊರಿಗೆ ಬಂದು ವರ್ಷವೂ ಆಗಿರಲಿಲ್ಲ. ಅಲ್ಲಿ ಒಮ್ಮೆ ಲಕ್ವ ಹೊಡೆದು, ಗುಣವಾದರೂ ಬಲಗೈಯ ನಡುಕ ಉಳಿದುಬಿಟ್ಟಿತ್ತು. ಚಿಕ್ಕಂದಿನಿಂದ ನಾನು ಅವರನ್ನು ಕಂಡದ್ದು ರಜೆಗೆ ಬಂದು ಹೋಗುವ ನೆಂಟರ ಹಾಗೆ. ಈಗ ಒಂದೇ ಸೂರಿನಡಿ ಇದ್ದರೂ ನಮ್ಮಿಬ್ಬರ ನಡುವೆ “ಚಾ ಬೇಕಾ?”, “ಬೇಡ” ಬಿಟ್ಟರೆ ಮಾತಿರಲಿಲ್ಲ. ಆ ದಿನ ಮಾತ್ರ ಅವರು ನಿಲ್ಲಿಸದೆ ಮಾತಾಡಿದರು. ಅವರು ಕೆಲಸಕ್ಕಿದ್ದ ಅಂಗಡಿಯ ಯಜಮಾನರ ಮನೆಯವರು ಬೇಡವೆಂದು ಬಿಟ್ಟ ಇಂಥದ್ದೇ ಗೆಕ್ಕೋ ಎಂಬ ಹಲ್ಲಿಯೊಂದನ್ನು ಅವರು ತಾವು ಮಲಗುತ್ತಿದ್ದ ಗೋದಾಮಿನ ಮೂಲೆಯಲ್ಲಿ ಸಾಕಿದ್ದರಂತೆ. ಕೆಲಸ ಮುಗಿಸಿ ಬಂದಾಗ ತಲೆಯೆತ್ತಿ ನೋಡುತ್ತಿದ್ದ ಒಂದೇ ಜೀವ ಅದಂತೆ. ಊರಿಗೆ ಹೊರಡುವಾಗ ಜೊತೆಯವರ ಕೈಗೊಪ್ಪಿಸಿ ಬಂದರು. ಅದು ಬದುಕಲಿಲ್ಲ.

“ಮನೆಯ ಹಲ್ಲಿಗಳನ್ನು ಓಡಿಸಿಯೇ ನನಗೆ ಸಾಕಾಗಿದೆ. ಇನ್ನು ಅಂಗಡಿಯಿಂದ ಬೇರೆ ತರುವುದಾ?” ಎಂದರು ಉಮ್ಮ.

“ನೋಡಿ ಬರುವ, ಅಷ್ಟೆ,” ಎಂದರು ಬಾಪ ನನ್ನ ಕಡೆ ತಿರುಗಿ.

ನನಗೆ ಹಲ್ಲಿಯೆಂದರೆ ಪ್ರಾಣ ಹೋಗುವಷ್ಟು ಹೆದರಿಕೆ. ಮದ್ರಸದಲ್ಲಿ ಓದುತ್ತಿದ್ದಾಗ ಮಾಡಿನಿಂದ ಒಂದು ನನ್ನ ತಲೆವಸ್ತ್ರದೊಳಗೆ ಬಿದ್ದು ಬೆನ್ನ ಮೇಲೆಲ್ಲ ಹರಿದಾಡಿತ್ತು. ಆಮೇಲೆ ಹಲ್ಲಿ ಕಂಡ ಗೋಡೆಗೆ ನಾನು ಒರಗಿದವಳಲ್ಲ. ಆದರೂ ಬಾಪ ನನ್ನನ್ನು ಒಂದು ಕಡೆಗೆ ಕರೆದದ್ದು ಅದೇ ಮೊದಲು. ಒಲ್ಲೆನೆನ್ನಲಾಗಲಿಲ್ಲ.

ಅಂಗಡಿಯವರು ಮೂವತ್ತರ ಆಸುಪಾಸಿನ, ಚುರುಕು ಮಾತಿನ ಮನುಷ್ಯ. “ಕಾಡಿನಿಂದ ಹಿಡಿದದ್ದಲ್ಲವಲ್ಲ?” ಎಂದು ಬಾಪ ಮೊದಲೇ ಕೇಳಿದರು.

“ಛೆ, ಇಲ್ಲ ಕಾಕ. ಬೊಂಬಾಯಿಯಲ್ಲಿ ಮರಿ ಮಾಡಿಸುವವರಿಂದ ತರಿಸಿದ್ದು. ಒಳ್ಳೇ ಆರೋಗ್ಯ ಉಂಟು.”

ಬಾಪ ಪೆಟ್ಟಿಗೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಗೆಕ್ಕೋ ಮರಳಿನ ಮೇಲೆ ಅಲುಗದೆ ಮಲಗಿತ್ತು. ಮನೆಯ ಹಲ್ಲಿಗೆ ಇಲ್ಲದ ರೆಪ್ಪೆ ಇದಕ್ಕುಂಟು ಎಂಬುದು ನನಗೆ ಆಗ ಗೊತ್ತಾಯಿತು. ಎರಡೂ ಕಣ್ಣು ಮುಚ್ಚಿದ್ದವು.

“ಇದು ಹಗಲು ಮಲಗುವ ಜಾತಿ, ಕಾಕ.”

“ಹೌದು,” ಎಂದ ಬಾಪ ಗಾಜನ್ನು ಉಗುರಿನಿಂದ ಮೆಲ್ಲನೆ ತಟ್ಟಿದರು. ಬಲಗಣ್ಣು ತೆರೆಯಿತು. ಎಡಗಣ್ಣು ತೆರೆಯಲಿಲ್ಲ.

ಬಾಪ ಬಾಲ ತೋರಿಸಿದರು. ಇದರ ಕೊಬ್ಬೆಲ್ಲ ಇರುವುದು ಬಾಲದಲ್ಲಿ. ತಿನ್ನದಿದ್ದರೆ ಮೊದಲು ಸೊರಗುವುದೂ ಅದೇ. ಈ ಬಾಲ ಬುಡದಲ್ಲಿ ಕಡ್ಡಿಯ ಹಾಗಿತ್ತು. ಒಂದು ಕಾಲ್ಬೆರಳಿಗೆ ಕಳಚದ ಹಳೆ ಚರ್ಮ ಬಿಗಿದುಕೊಂಡಿತ್ತು.

“ಹೊರಗೆ ತೆಗೆದು ದವಡೆ ನೋಡಬೇಕು,” ಎಂದು ಬಾಪ ಬಲಗೈ ಒಳಗೆ ಚಾಚಿದರು. ಕೈ ಎಂದಿಗಿಂತ ಜೋರಾಗಿ ನಡುಗಿತು. ಗೆಕ್ಕೋ ಬೆಚ್ಚಿ ಮೂಲೆಗೆ ಹಿಮ್ಮೆಟ್ಟಿ, ಬಾಲವನ್ನು ಮೇಲೆತ್ತಿ ಹಾವಿನ ಹಾಗೆ ಆಡಿಸತೊಡಗಿತು.

“ಕಾಕ, ಜಾಗ್ರತೆ! ಬಾಲ ಕಳಚ್ತದೆ!”

ಬಾಪ ಕೈ ಹಿಂದೆಗೆದು, ಅದನ್ನು ಎಡಗೈಯಿಂದ ಅದುಮಿ ಹಿಡಿದುಕೊಂಡರು. ಅವರ ಮುಖ ನೋಡಲು ನನಗಾಗಲಿಲ್ಲ. ಆಮೇಲೆ ನಮ್ಮ ಮನೆಮಾತಿನಲ್ಲಿ ಮಗಳೇ ಎಂದು ಕರೆದು ತಗ್ಗಿದ ದನಿಯಲ್ಲಿ ಹೇಳಿದರು: “ಮೋಳೆ, ನೀನು ಕೈ ಹಾಕು.”

“ನನ್ನಿಂದಾಗುವುದಿಲ್ಲ ಬಾಪ.”

“ಹಿಡಿಯಬೇಡ. ಕೈಯನ್ನು ನೆಲದ ಹಾಗೆ ಇಡು. ಅದೇ ಹತ್ತಿ ಬರ್ತದೆ.”

ಅಂಗೈ ಮೇಲೆ ಮಾಡಿ ಮರಳಿನ ಮೇಲಿಟ್ಟೆ. ಗೆಕ್ಕೋ ನಾಲಿಗೆ ಚಾಚಿ ನನ್ನ ಬೆರಳ ತುದಿ ಮುಟ್ಟಿತು. ಕೈಯನ್ನು ಹಿಂದೆಗೆಯದೆ ಅಲ್ಲೇ ಇಟ್ಟೆ. ಒಂದು ಕಾಲಿಟ್ಟಿತು, ಇನ್ನೊಂದು. ನಾನು ಎಣಿಸಿದ ಹಾಗೆ ಅಂಟಂಟಾಗಿರಲಿಲ್ಲ; ಒಣಗಿತ್ತು, ತಣ್ಣಗಿತ್ತು. ಅಷ್ಟರಲ್ಲಿ ಹೊರಗೆ ಬಸ್ಸೊಂದು ಕರ್ಕಶವಾಗಿ ಹಾರ್ನ್ ಹೊಡೆಯಿತು. ಗೆಕ್ಕೋ ನನ್ನ ಮಣಿಕಟ್ಟನ್ನು ಅವುಚಿಕೊಂಡಿತು.

“ಅಲುಗಾಡಬೇಡ. ಉಸಿರು ಬಿಡು. ಹಾಂ, ಹಾಗೇ,” ಎಂದರು ಬಾಪ. ಚಿಕ್ಕ ಮಗುವಿನ ಹತ್ತಿರ ಆಡುವಂಥ ಆ ದನಿಯನ್ನು ನಾನು ಮೊದಲು ಕೇಳಿರಲಿಲ್ಲ.

ಅವರು ಹೇಳಿದಂತೆ ಕಿರುಬೆರಳಿನಿಂದ ದವಡೆಯ ಕೆಳಗೆ ಮುಟ್ಟಿದೆ. ಗಟ್ಟಿಯಿತ್ತು. “ಮೆತ್ತಗಿದ್ದಿದ್ದರೆ ಕಷ್ಟ ಇತ್ತು. ಎಲುಬಿನ ರೋಗ,” ಎಂದರು. ನನ್ನ ಕೈಮೇಲೆ ಹೊಟ್ಟೆಯನ್ನು ಎಳೆಯದೆ ಎತ್ತಿ ನಡೆಯುತ್ತಿತ್ತು. ಬಾಲದ ಅಡಿ ಸ್ವಚ್ಛವಿತ್ತು, ಭೇದಿಯಿಲ್ಲ. ಉಸಿರಿಗೆ ಮೂಗಿನಲ್ಲಿ ಗುಳ್ಳೆ ಏಳುತ್ತಿರಲಿಲ್ಲ. ಉಳಿದದ್ದು ಕಣ್ಣು. ಅಂಗಡಿಯವರು ಉಗುರುಬೆಚ್ಚಗಿನ ನೀರು, ಹತ್ತಿ ತಂದುಕೊಟ್ಟರು. ನಾನು ಮುಚ್ಚಿದ ರೆಪ್ಪೆಯ ಮೇಲೆ ಒದ್ದೆ ಹತ್ತಿಯನ್ನು ಇಟ್ಟು ತೆಗೆದು, ಇಟ್ಟು ತೆಗೆದು ಮಾಡಿದೆ. ಕೊನೆಗೆ ಈರುಳ್ಳಿಯ ಒಳಸಿಪ್ಪೆಯಂಥ ಚರ್ಮದ ಚೂರೊಂದು ಹತ್ತಿಗೆ ಅಂಟಿಕೊಂಡು ಬಂತು. ಕಣ್ಣು ಅರ್ಧ ತೆರೆಯಿತು. ಕೆಂಪಾಗಿತ್ತು, ಆದರೆ ಒಳಗೆ ಪೊರೆಯಿರಲಿಲ್ಲ.

ಆದರೆ ಹುಳ ಮುಂದಿಟ್ಟಾಗ ತಿನ್ನದೆ ಮುಖ ತಿರುಗಿಸಿತು.

“ಇವತ್ತು ಬೇಡ. ತಿನ್ನದ ಜೀವವನ್ನು ಬಸ್ಸಿನಲ್ಲಿ ಕುಲುಕಿಸಿ ಕರೆದುಕೊಂಡು ಹೋದರೆ ಸತ್ತುಹೋಗ್ತದೆ,” ಎಂದರು ಬಾಪ. ಮರಳು ತೆಗೆದು ಪೇಪರ್ ಹಾಸಲು, ಒಂದು ಬದಿಗೆ ಬಲ್ಬಿನ ಶಾಖ ಕೊಡಲು, ಉಳಿದ ಹಳೆ ಚರ್ಮ ಕಳಚುವಂತೆ ಒದ್ದೆ ಬಟ್ಟೆಯ ಪುಟ್ಟ ಡಬ್ಬಿ ಇಡಲು ಹೇಳಿದರು.

“ಕಾರ್ಕಳದವರೊಬ್ಬರು ಕೇಳಿದ್ದಾರೆ ಕಾಕ. ಬಂದರೆ ನಾನು ಕೊಡುವವನೇ,” ಎಂದರು ಅಂಗಡಿಯವರು ಮುಖ ಬಿಗಿದು.

ಮುಂದೆ ದಿನಾ ಕಾಲೇಜು ಬಿಟ್ಟ ಕೂಡಲೇ ನಾನು ಆ ಅಂಗಡಿಗೆ ಓಡುತ್ತಿದ್ದೆ. ಬಂಟ್ವಾಳದಲ್ಲಿ ಬಸ್ಸಿಳಿದರೆ ಬಾಪ ಸ್ಟಾಪಿನಲ್ಲೇ ನಿಂತಿರುತ್ತಿದ್ದರು. “ತಿಂದಿತಾ?” “ಇಲ್ಲ.” “ಕಣ್ಣು?” “ಪೂರ್ತಿ ತೆರೀತದೆ.” ಹೀಗೆ ಮನೆಯವರೆಗೆ ಮಾತು. ಒಂದು ದಿನ ಉಮ್ಮ ಗದ್ದೆಯ ಬದುವಿನಿಂದ ಹಿಡಿದ ಮಿಡತೆಗಳನ್ನು ತೂತು ಮಾಡಿದ ಡಬ್ಬಿಯಲ್ಲಿ ಹಾಕಿ, ಏನೂ ಹೇಳದೆ ನನ್ನ ಬುತ್ತಿಯ ಪಕ್ಕ ಇಟ್ಟರು.

ಅದೇ ಸಂಜೆ ಅಂಗಡಿಗೆ ಹೋದರೆ ಗಾಜಿನ ಪೆಟ್ಟಿಗೆ ಖಾಲಿ. ಪೇಪರೂ ಇಲ್ಲ. ಕಾರ್ಕಳದವರು ಬಂದಿರಬೇಕು, ಇಲ್ಲವೇ ಸತ್ತಿರಬೇಕು. ಬಾಪನಿಗೆ ಏನು ಹೇಳಲಿ?

“ತಂಗೀ, ಇಲ್ಲಿ ಬನ್ನಿ,” ಎಂದು ಒಳಗಿನಿಂದ ಅಂಗಡಿಯವರು ಕರೆದರು. ಬೆಳಗಿನಿಂದ ಕರೆಂಟಿರಲಿಲ್ಲ. ಬಲ್ಬಿನ ಶಾಖ ಹೋಯಿತೆಂದು ಅವರು ಗೆಕ್ಕೋವನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟಿದ್ದರು. “ಕಾರ್ಕಳದವರು ಬಂದಿದ್ದರು. ಆಗಲೇ ಮಾರಿಹೋಗಿದೆ ಅಂತ ಹೇಳಿಬಿಟ್ಟೆ, ಮಾರಾಯ್ರೆ,” ಎಂದರು, ಕೋಪ ಬಂದವರ ಹಾಗೆ.

ಡಬ್ಬಿಯಿಂದ ಒಂದು ಮಿಡತೆ ಬಿಟ್ಟೆ. ಗೆಕ್ಕೋ ನೋಡಿತು. ಬಾಲದ ತುದಿ ಸಣ್ಣಗೆ ಅದುರಿತು. ಮಿಡತೆ ಒಮ್ಮೆ ಜಿಗಿಯಿತು, ಇನ್ನೊಮ್ಮೆ ಜಿಗಿಯಲಿಲ್ಲ. ಗೆಕ್ಕೋ ಅದನ್ನು ಕಚ್ಚಿ, ಕಣ್ಣು ಮುಚ್ಚಿ, ತಲೆ ಕೊಡವಿ ನುಂಗಿತು.

ಎದುರಿನ ಬೂತಿನಿಂದ ಮನೆಗೆ ಫೋನ್ ಮಾಡಿದೆ. “ತಿಂದಿತು ಬಾಪ.” ಆ ಕಡೆ ಅವರು ಉಮ್ಮನಿಗೆ ಕೂಗಿ ಹೇಳಿದ್ದು ಕೇಳಿಸಿತು: “ತಿಂದಿತಂತೆ, ಕೇಳಿತಾ?”

ಬಾಲ ತುಂಬಿಕೊಂಡ ಮೇಲೆ ಬಾಪ ಬಂದು ಅದನ್ನು ಕೊಂಡುಕೊಂಡರು. ಬಸ್ಸಿನಲ್ಲಿ ಡಬ್ಬಿಯನ್ನು ನನ್ನ ಮಡಿಲಲ್ಲಿ ಇಡಿಸಿದರು. ಪಕ್ಕದಲ್ಲಿ ಕೂತಿದ್ದ ಹೆಂಗಸು “ಒಳಗೆ ಎಂತ ಉಂಟು ಮಗಾ?” ಎಂದು ಕೇಳಿದರು.

“ಹಲ್ಲಿ,” ಎಂದೆ.

ಅವರು ಸೆರಗು ಒಟ್ಟು ಮಾಡಿಕೊಂಡು ಎದ್ದು ಹಿಂದಕ್ಕೆ ಹೋದರು. ಬಾಪ ಕಿಟಕಿಯ ಕಡೆ ಮುಖ ಮಾಡಿ, ಭುಜ ಕುಲುಕುವಷ್ಟು ನಕ್ಕರು. ನಾನೂ ನಕ್ಕೆ. ನಡುದಾರಿಯ ಸಿದ್ಧಕಟ್ಟೆ ದಾಟುವವರೆಗೂ ನಮಗೆ ನಗು ತಡೆಯಲಾಗಲಿಲ್ಲ.